ತುಕ್ಕು ಹಿಡಿದ ಡಿಸ್ಕು, ಹಳೇ ಮಂಚದ ಬೋಲ್ಟು

ಕಿಚನರ್, ಒಂಟಾರಿಯೊ

ಪ್ರೀತಿಯ ಅಪ್ಪನಿಗೆ,

ನಿಮಗೂ ಅಮ್ಮನಿಗೂ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿಯ ಕೆಮ್ಮು ಪೂರ್ತಿ ವಾಸಿಯಾಗಿದೆ ಅಂತ ಅಮ್ಮನಿಗೆ ಹೇಳಿ.

ಕಾರಿನ ಮುಂದಿನ ಬ್ರೇಕ್ ನಾನೇ ಬದಲಾಯಿಸಿದೆ ಅಂತ ಫೋನಿನಲ್ಲಿ ಹೇಳಿದಾಗ ನೀವು "ಹೇಗೋ ಬಿಚ್ಚಿದೆ?" ಅಂದಿರಿ. ಅಷ್ಟರಲ್ಲಿ ಫೋನ್ ಕಟ್ ಆಯ್ತು. ಬೇರೆಯವರಿಗೆ ಇದು ಬೇಜಾರಿನ ವಿಷಯ, ನಿಮಗೆ ಮಾತ್ರ ಪೂರ್ತಿ ಹೇಳಬೇಕು ಅನ್ನಿಸಿತು.

ಇಲ್ಲಿ ಕಾರಿಗೆ ಶತ್ರು ಅಂದ್ರೆ ಉಪ್ಪು. ಚಳಿಗಾಲದಲ್ಲಿ ರಸ್ತೆ ಮೇಲೆ ಐಸ್ ಕಟ್ಟಬಾರದು ಅಂತ ಲಾರಿಗಟ್ಟಲೆ ಸುರಿಯುತ್ತಾರೆ. ಇಡೀ ಕೆನಡಾದಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಟನ್! ನಮ್ಮ ಪ್ರಾಂತ್ಯದಲ್ಲೇ ಗೋಡರಿಚ್ ಅಂತ ಒಂದು ಊರಿದೆ. ಅಲ್ಲಿಯ ಉಪ್ಪಿನ ಗಣಿ ಹ್ಯೂರಾನ್ ಸರೋವರದ ಅಡಿಯಲ್ಲಿ, 500 ಮೀಟರಿಗಿಂತ ಆಳದಲ್ಲಿದೆ. ಆ ಉಪ್ಪುನೀರು ಚಕ್ರದ ಸಂದುಗೊಂದಿಗೆಲ್ಲ ನುಗ್ಗಿ ಕೂರುತ್ತದೆ. ನಾಲ್ಕಾರು ಚಳಿಗಾಲ ಕಂಡ ಗಾಡಿಯಲ್ಲಿ ಯಾವ ಬೋಲ್ಟೂ ಸುಮ್ನೆ ಬಿಚ್ಚಿಕೊಳ್ಳುವುದಿಲ್ಲ.

ಬ್ರೇಕ್ ಒತ್ತಿದರೆ ಕರಕರ ಸದ್ದು ಬರುತ್ತಿತ್ತು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು, ಅದನ್ನು ಒತ್ತಿ ಹಿಡಿಯುವುದು ಪ್ಯಾಡ್. ಆ ಪ್ಯಾಡ್ ಸವೆದು ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಗ್ಯಾರೇಜಿನಲ್ಲಿ ಹೇಳಿದ ಕೂಲಿಯೇ ಸಾಮಾನಿನ ಬೆಲೆಗಿಂತ ಜಾಸ್ತಿ. ಸಾಮಾನು ತಂದು ಮನೆಯಲ್ಲೇ ಶುರು ಮಾಡಿದೆ.

ಚಕ್ರ, ಆಮೇಲೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಎರಡೂ ಬಿಚ್ಚಿಕೊಂಡು ಬಂದವು. ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನ ಮೇಲೆ ಜೋತುಬಿಡಬಾರದು, ಪೈಪ್ ಹರಿದುಹೋಗಬಹುದು. ಬಟ್ಟೆ ಹಾಕುವ ಹ್ಯಾಂಗರಿನ ತಂತಿ ಬಗ್ಗಿಸಿ ಸ್ಪ್ರಿಂಗಿಗೆ ನೇತುಹಾಕಿದೆ. ಆಮೇಲೆ ಶುರುವಾಯಿತು ಗೋಳು. ಡಿಸ್ಕನ್ನು ಹಬ್ಬಿಗೆ, ಅಂದ್ರೆ ಚಕ್ರ ಕೂರುವ ನಡುಭಾಗಕ್ಕೆ, ಹಿಡಿದಿರುವ ಎರಡು ಪುಟ್ಟ ಸ್ಕ್ರೂ ಇವೆ. ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಟ್ಟರೂ ಅವುಗಳಲ್ಲಿ ಒಂದು ಅಲ್ಲಾಡಲಿಲ್ಲ, ಅದರ ತಲೆಯೇ ಸವೆದು ನುಣ್ಣಗಾಯಿತು. ನಿಜ ಹೇಳಬೇಕೆಂದರೆ ಅಳು ಬರುವಷ್ಟು ಸಿಟ್ಟು ಬಂತು. ಮಾರನೇ ದಿನ ಕೆಲಸಕ್ಕೆ ಇದೇ ಕಾರು ಬೇಕು.

ಆಗ ಯೋಚಿಸಿದೆ. ಈ ಸ್ಕ್ರೂ ಕಾರು ಓಡುವಾಗ ಡಿಸ್ಕನ್ನು ಹಿಡಿದಿಡುವುದಿಲ್ಲ. ಆ ಕೆಲಸ ಚಕ್ರದ ನಟ್‌ಗಳದ್ದು. ಹಾಗಾಗಿ ಡ್ರಿಲ್ ಹಾಕಿ ಅದರ ತಲೆಯನ್ನೇ ಕೊರೆದು ತೆಗೆದೆ. ಆದರೂ ಡಿಸ್ಕ್ ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಬೇರಿಂಗಿಗೆ ಪೆಟ್ಟು. ಟಾರ್ಚ್ ಬಿಟ್ಟು ನೋಡಿದರೆ ಡಿಸ್ಕಿನ ಮೇಲೇ ಮರೆಯುಳ್ಳ (ಬೋಲ್ಟ್ ತಿರುಗಿಸಿ ಕೂರಿಸುವ ಸುತ್ತುಗೆರೆ ಇರುವ) ಎರಡು ಖಾಲಿ ತೂತು, 8 ಮಿಲಿಮೀಟರಿನವು. ಅಲ್ಲಿ ಬೋಲ್ಟ್ ತಿರುಗಿಸಿದರೆ ಅದರ ತುದಿ ಹಬ್ಬಿಗೆ ಒತ್ತಿ, ಡಿಸ್ಕನ್ನು ಹೊರಕ್ಕೆ ತಳ್ಳಬೇಕು. ತಯಾರಿಸಿದವರೇ ಇದಕ್ಕೆಂದು ಬಿಟ್ಟ ದಾರಿ! ಬೋಲ್ಟಿಗೆ ಎಲ್ಲಿಗೆ ಹೋಗಲಿ? ಅಂಗಡಿ ಮುಚ್ಚಿತ್ತು. ಬಿಚ್ಚಿಟ್ಟ ಹಳೇ ಮಂಚದ ಬೋಲ್ಟ್‌ಗಳು ಡಬ್ಬಿಯಲ್ಲಿದ್ದವು, ಅಳತೆಯೂ ಮರೆಯೂ ಸರಿಯಾಗಿ ಕೂತವು. ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು. ಅಂಚಿನಿಂದ ತುಕ್ಕಿನ ಪುಡಿ ಉದುರತೊಡಗಿತು. ಇನ್ನೊಂದು ಸುತ್ತು ತಿರುಗಿಸಿದ್ದೇ ಟಣ್ ಅಂತ ಡಿಸ್ಕ್ ಕೈಗೆ ಬಂತು. ನಿಮ್ಮ ಸೊಸೆ ಒಳಗಿಂದ ಓಡಿ ಬಂದಳು, ಏನೋ ಬಿತ್ತು ಅಂದುಕೊಂಡು! ತಲೆ ಹೋದ ಸ್ಕ್ರೂವಿನ ಮೊಂಡು ಹೊರಗೆ ಕಾಣುತ್ತಿತ್ತು. ಅದನ್ನು ಪ್ಲೈಯರಿನಲ್ಲಿ ಕಚ್ಚಿ ತಿರುಗಿಸಿದರೆ ಅದೂ ಬಂತು.

ಹೊಸ ಪ್ಯಾಡ್ ಕೂರಬೇಕಾದರೆ ಕ್ಯಾಲಿಪರಿನೊಳಗಿನ ಪಿಸ್ಟನ್, ಅಂದ್ರೆ ಪ್ಯಾಡನ್ನು ತಳ್ಳುವ ದಪ್ಪ ಕೊಳವೆ, ಒಳಕ್ಕೆ ಹೋಗಬೇಕು. ಅದನ್ನು ತಳ್ಳುವ ಸಾಧನ ಇರಲಿಲ್ಲ. ಎದುರು ಮನೆಯ ತಾತ ಮರಗೆಲಸದ ಕ್ಲ್ಯಾಂಪ್ ಕೊಟ್ಟರು. ಹಳೇ ಪ್ಯಾಡನ್ನು ಮಧ್ಯೆ ಇಟ್ಟು ನಿಧಾನವಾಗಿ ಬಿಗಿದೆ.

ಆ ಹೊತ್ತಿನಲ್ಲೆಲ್ಲ ನೀವೇ ಕಣ್ಮುಂದೆ. ತೋಟದ ಪಂಪಿನ ಫುಟ್‌ವಾಲ್ವ್ (ಪೈಪಿನ ನೀರು ಕೆಳಕ್ಕೆ ಇಳಿಯದಂತೆ ತಡೆಯುವ ಬುಡದ ಮುಚ್ಚಳ) ಸೋರಿದಾಗ ಪೈಪಿಗೆ ಸಗಣಿ ನೀರು ಸುರಿದು ನೀರೆತ್ತಿಸುತ್ತಿದ್ದಿರಲ್ಲ? ಆದರೆ ಬ್ರೇಕಿನಲ್ಲಿ ನನ್ನದೊಂದು ಹಟ ಇದೆ ಅಪ್ಪ. ಬಿಚ್ಚುವಾಗ ತಂತಿ, ಮಂಚದ ಬೋಲ್ಟು ಏನು ಬೇಕಾದರೂ ಆಗಬಹುದು. ಜೋಡಿಸುವಾಗ ಅದೊಂದೂ ಬೇಡ. ಹೊಸ ಡಿಸ್ಕಿನ ಮೇಲೆ ಸವರಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದಲೇ ಒರೆಸಿದೆ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಬ್ರೇಕಿನ ಗ್ರೀಸೇ ಹಾಕಿದೆ, ಬೇರೆ ಗ್ರೀಸ್ ರಬ್ಬರನ್ನು ಉಬ್ಬಿಸಿಬಿಡುತ್ತದೆ. ಚಕ್ರದ ನಟ್ಟನ್ನು ಪುಸ್ತಕದಲ್ಲಿ ಬರೆದಷ್ಟೇ ಬಿಗಿದೆ, ನಮ್ಮ ಕಾರಿಗೆ 108 ನ್ಯೂಟನ್ ಮೀಟರ್. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿದೆ. ಅದನ್ನು ಬಿಟ್ಟರೆ ಮೊದಲ ಸಲ ಬ್ರೇಕೇ ಹಿಡಿಯುವುದಿಲ್ಲ. ಈಗ ಸದ್ದೇ ಇಲ್ಲ.

ಇನ್ನೊಂದು ಮಾತು. ಜೀಪನ್ನು ಸಿಮೆಂಟ್ ಬ್ಲಾಕ್ ಮೇಲೆ ನಿಲ್ಲಿಸಿ ಕೆಳಗೆ ಮಲಗಿರುವ ಫೋಟೊ ತಮ್ಮ ಕಳಿಸಿದ್ದ. ಅದನ್ನು ನೋಡಿ ಎದೆ ಧಸಕ್ ಅಂತು. ಆ ಬ್ಲಾಕ್ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಬರೀ ಜಾಕ್ ನಂಬಿಯೂ ಕೆಳಗೆ ಹೋಗಬಾರದು. ಎತ್ತಿದ ಗಾಡಿಯನ್ನು ಹೊರುವ ಕಬ್ಬಿಣದ ಜಾಕ್ ಸ್ಟ್ಯಾಂಡ್ ಒಂದು ಜೊತೆ ತರಲು ದುಡ್ಡು ಹಾಕಿದ್ದೇನೆ. ಅವು ಬರುವವರೆಗೆ ಅವನನ್ನು ಜೀಪಿನ ಕೆಳಗೆ ಇಳಿಯಲು ಬಿಡಬೇಡಿ. ನನ್ನ ಮಾತು ಕೇಳುವುದಿಲ್ಲ, ನೀವೇ ಹೇಳಿ.

ನಿಮ್ಮ ಮಗ