ತಿನ್ನುವ ಡಬ್ಬ, ಇಡುವ ಡಬ್ಬ: ಗೆಳೆಯನಿಗೊಂದು ಪತ್ರ

ಕೋಲಾರ,
ಕಾರ್ತಿಕ ಮಾಸ

ಪ್ರಿಯ ಮಿತ್ರ,

ನಿನ್ನ ಪತ್ರ ಕೈಸೇರಿ ಹತ್ತು ದಿನಗಳಾದವು. ಉತ್ತರ ತಡವಾದದ್ದಕ್ಕೆ ರಾಗಿ ಕೊಯ್ಲಿನ ಸಿದ್ಧತೆಯೇ ಕಾರಣ. ಶನಿವಾರ, ಭಾನುವಾರಗಳೆರಡೂ ಊರಿನ ಹೊಲದಲ್ಲೇ ಕಳೆದುಹೋಗುತ್ತಿವೆ. ತುಮಕೂರಿನ ನಿಮ್ಮ ಬಡಾವಣೆಯಲ್ಲಿ ಮೂರು ದಿನ ಕರೆಂಟೂ ನಲ್ಲಿ ನೀರೂ ಇಲ್ಲದೆ ಒದ್ದಾಡಿದ್ದನ್ನು, ಅದೇ ಹೊತ್ತಿಗೆ ಸಿಲಿಂಡರ್ ಮುಗಿದು ಎರಡನೆಯ ರಾತ್ರಿ ಅಮ್ಮನಿಗೂ ಮಗುವಿಗೂ ಬಿಸ್ಕತ್ತು ಕೊಟ್ಟು ಮಲಗಿಸಿದ್ದನ್ನು ನೀನು ಬರೆದಿದ್ದೀಯೆ. ಅದನ್ನು ಓದಿ ನನಗೆ ನಿಜವಾಗಿಯೂ ಬೇಸರವಾಯಿತು. ಆದರೆ ಅದಕ್ಕಿಂತ ಹೆಚ್ಚು ಕಳವಳವಾದದ್ದು ಪತ್ರದ ಕೊನೆಯ ಸಾಲನ್ನು ಓದಿ. ಹಬ್ಬದ ಬೋನಸ್ಸಾಗಿ ಬಂದ ಹದಿನೈದು ಸಾವಿರ ರೂಪಾಯಿಯನ್ನೂ ಒಂದೇ ದಿನ ಅಂಗಡಿಗೆ ಕೊಟ್ಟು, ಮೂರು ತಿಂಗಳ ದಿನಸಿಯನ್ನು ತಂದು ತುಂಬಿಬಿಡುತ್ತೇನೆ ಎಂದಿದ್ದೀಯಲ್ಲ, ದಯವಿಟ್ಟು ಹಾಗೆ ಮಾಡಬೇಡ. ನಾನು ಆ ಕೆಲಸ ಮಾಡಿ ಕೈಸುಟ್ಟುಕೊಂಡವನು.

2020ರ ಮಾರ್ಚ್ 24ರ ರಾತ್ರಿ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಘೋಷಣೆಯಾಯಿತಷ್ಟೆ. ಮರುದಿನ ಬೆಳಗ್ಗೆಯೇ ನಾನು ಬೀದಿಯ ಕೊನೆಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಹತ್ತು ಕೆಜಿ ಹೆಸರುಕಾಳು, ಎಂಟು ಕೆಜಿ ರವೆ, ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಮುಟ್ಟಿರದ ಸೋಯಾ ಉಂಡೆಗಳ ಹನ್ನೆರಡು ಪೊಟ್ಟಣ, ಹೀಗೆ ಭಯ ಹೇಳಿದ್ದನ್ನೆಲ್ಲ ಹೊತ್ತು ತಂದೆ. ಆಷಾಢದ ಹೊತ್ತಿಗೆ ಹೆಸರುಕಾಳಿನ ಚೀಲಕ್ಕೆ ಕುಟ್ಟೆ ಹಿಡಿದು, ಕಾಳಿಗೊಂದರಂತೆ ತೂತು ಬಿದ್ದು, ಮೊರಕ್ಕೆ ಹಾಕಿ ಕೇರಿದರೆ ಕಾಳಿಗಿಂತ ಹಿಟ್ಟೇ ಹೆಚ್ಚು ಉದುರುತ್ತಿತ್ತು. ರವೆ ಮುಗ್ಗು ವಾಸನೆ ಹಿಡಿಯಿತು. ಸೋಯಾ ಉಂಡೆಗಳು ಹಸುವಿನ ಬೂಸಾ ಸೇರಿದವು. ಆ ದಿನ ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಗಾರೆ ಕೆಲಸದವನೊಬ್ಬ ಅರ್ಧ ಕೆಜಿ ರವೆ ಕೇಳಿ, ಇಲ್ಲವೆನ್ನಿಸಿಕೊಂಡು ಹೋದದ್ದು ಮಾತ್ರ ಇಂದಿಗೂ ನೆನಪಿನಲ್ಲಿದೆ. ಎಲ್ಲವೂ ಸುಗಮವಾಗಿರುವಾಗ ವಾರಕ್ಕೆ ಎರಡು ಕೆಜಿ ಹೆಚ್ಚು ಕೊಂಡರೆ ಅಂಗಡಿಯವನಿಗೂ ತಿಳಿಯುವುದಿಲ್ಲ, ಹಿಂದೆ ನಿಂತವನಿಗೂ ಕೊರತೆಯಾಗುವುದಿಲ್ಲ.

ನಮ್ಮ ಸೀಮೆಗೆ ಧಾನ್ಯ ಕೂಡಿಡುವ ವಿದ್ಯೆ ಹೊಸದೇನೂ ಅಲ್ಲ. ನಮ್ಮೂರಿನ ಹಳೆಯ ಮನೆಯ ಮುಂದೆ ಚಪ್ಪಡಿಯೊಂದನ್ನು ಮುಚ್ಚಿದ ಜಾಗವಿದ್ದುದು ನಿನಗೆ ನೆನಪಿರಬಹುದು; ಅದು ಹಗೇವು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ ಬರುವಂತೆ ತೋಡಿ, ಸುತ್ತ ಹುಲ್ಲು ಕೊಟ್ಟು, ಒಣಗಿದ ರಾಗಿ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಟ್ಟಿದ ಗಾಳಿಯಲ್ಲಿ ಉಸಿರುಗಟ್ಟಿ ಸಾಯುವ ಅಪಾಯವಿದ್ದುದರಿಂದ ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಈ ಎಚ್ಚರವೆಲ್ಲ ಸುಮ್ಮನೆ ಬಂದದ್ದಲ್ಲ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರದ ಪರಿಣಾಮ ಜನಗಣತಿಯಲ್ಲೇ ಕಾಣುತ್ತದೆ: 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಮ್ಮ ಅಜ್ಜಿ ಆ ಬರವನ್ನು ಕಂಡವಳಲ್ಲ, ಆದರೂ ಕಣಜದ ತಳ ಕಾಣುವಂತೆ ರಾಗಿ ತೆಗೆದರೆ ಮನೆಮಂದಿಯನ್ನೆಲ್ಲ ಬೈಯುತ್ತಿದ್ದಳು.

ಆದರೆ ಅವರಿಗೆ ಬೆಳೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಆದ್ದರಿಂದ ಒಮ್ಮೆಗೇ ತುಂಬುತ್ತಿದ್ದರು. ನಿನ್ನ ಸುಗ್ಗಿ ತಿಂಗಳಿಗೊಮ್ಮೆ ಸಂಬಳವಾಗಿ ಬರುತ್ತದೆ. ಅದರಲ್ಲಿ ಮನೆ ಬಾಡಿಗೆ, ಮಗುವಿನ ಶಾಲೆ ಕಳೆದು ಉಳಿಯುವುದು ಎಷ್ಟೆಂದು ನನಗೆ ಗೊತ್ತು. ಆದ್ದರಿಂದ ವಾರದ ಲೆಕ್ಕವೇ ನಿನಗೆ ಸರಿಹೋಗುತ್ತದೆ. ಮೊದಲಿಗೆ ಮೂರು ತಿಂಗಳ ಮಾತು ಬಿಡು, ಹದಿನಾಲ್ಕು ದಿನಗಳ ಗುರಿ ಇಟ್ಟುಕೋ. ನಿಮ್ಮ ಮನೆಯಲ್ಲಿ ನಾಲ್ವರು. ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯವೆಂದು ಧಾರಾಳವಾಗಿ ಹಿಡಿದರೂ ಹದಿನಾಲ್ಕು ದಿನಕ್ಕೆ 22 ಕೆಜಿಯ ಮೇಲೆ ಸ್ವಲ್ಪವಾಗುತ್ತದೆ. ಬೇಳೆಕಾಳು ತಲೆಗೆ 70 ಗ್ರಾಮಿನಂತೆ ಸುಮಾರು 4 ಕೆಜಿ. ಪ್ರತಿ ವಾರ ಮಾಮೂಲು ದಿನಸಿಯ ಜೊತೆಗೆ ಎರಡು ಕೆಜಿ ಧಾನ್ಯ, ಒಂದು ವಾರ ಅಕ್ಕಿಯಾದರೆ ಮರುವಾರ ರಾಗಿ, ಅದರೊಂದಿಗೆ 350 ಗ್ರಾಂ ಬೇಳೆ ಅಥವಾ ಕಾಳು, ಇಷ್ಟನ್ನು ಹೆಚ್ಚಾಗಿ ತಂದರೆ ಹನ್ನೆರಡು ವಾರಗಳಲ್ಲಿ ಗುರಿ ಮುಟ್ಟುತ್ತೀಯೆ. ಇಲ್ಲಿನ ಅಂಗಡಿಯ ದರದಲ್ಲಿ ಅದಕ್ಕೆ ವಾರಕ್ಕೆ ಇನ್ನೂರು ರೂಪಾಯಿಯಷ್ಟೇ ಬೀಳುತ್ತದೆ. ಉಪ್ಪು, ಹುಣಸೆಹಣ್ಣು, ಒಣಮೆಣಸಿನಕಾಯಿ, ಎಣ್ಣೆಗಳನ್ನು ನಡುನಡುವೆ ಒಂದೊಂದಾಗಿ ಸೇರಿಸಿಕೋ. ಉಪ್ಪಿಗೆ ಹಾಳಾಗುವ ಭಯವಿಲ್ಲ. ಎಣ್ಣೆಗೆ ಇದೆ, ಅದರ ಮೇಲಿನ ತಾರೀಖು ನೋಡಿ ತಾ.

ಕೊಳ್ಳುವುದು ಸುಲಭ, ತಿನ್ನುವುದೇ ಕಷ್ಟ ಎಂದರೆ ನಗಬೇಡ. ನಾನು ಸೋತದ್ದು ಅಲ್ಲಿಯೇ. ಕೂಡಿಟ್ಟದ್ದನ್ನು ಆಪತ್ತಿಗೆಂದು ಮುಟ್ಟದೆ ಇಟ್ಟರೆ ಅದು ಹುಳುವಿನ ಪಾಲಾಗುತ್ತದೆ. ಈಗ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಎರಡು ಡಬ್ಬಗಳಿವೆ. ಒಂದು ತಿನ್ನುವ ಡಬ್ಬ, ಇನ್ನೊಂದು ಇಡುವ ಡಬ್ಬ. ಹೊಸದಾಗಿ ತಂದದ್ದು ಯಾವಾಗಲೂ ಇಡುವ ಡಬ್ಬಕ್ಕೆ ಹೋಗುತ್ತದೆ. ತಿನ್ನುವ ಡಬ್ಬ ಬರಿದಾದ ದಿನ ಅದನ್ನು ಒರೆಸಿ ಒಣಗಿಸಿ ಇಟ್ಟು, ಇಡುವ ಡಬ್ಬವನ್ನು ಮುಂದಕ್ಕೆಳೆದು ಅದನ್ನೇ ತಿನ್ನುವ ಡಬ್ಬ ಮಾಡುತ್ತೇವೆ. ಖಾಲಿಯಾದದ್ದು ಹಿಂದೆ ಹೋಗಿ ಮತ್ತೆ ತುಂಬತೊಡಗುತ್ತದೆ. ತುಂಬಿದ ತಿಂಗಳನ್ನು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸುವುದು ಮಗಳ ಕೆಲಸ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡು. ತಳದಲ್ಲಿ ಉಳಿದ ಹಿಡಿ ಕಾಳಿನಲ್ಲಿ ಹುಳುವಿನ ಮೊಟ್ಟೆಯಿದ್ದರೆ ಡಬ್ಬವಿಡೀ ಕೆಡುತ್ತದೆ. ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬೇಯದ ಪದಾರ್ಥ ಎಷ್ಟೇ ಅಗ್ಗವಾಗಿ ಸಿಕ್ಕರೂ ತರಬೇಡ.

ರಾಗಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಳು ತೀರಾ ಸಣ್ಣದಾದ್ದರಿಂದ ಅಕ್ಕಿಯ ಮೂತಿಹುಳುವಿನಂಥವು ಅದರೊಳಗೆ ಬೆಳೆಯಲಾರವು. ಚೆನ್ನಾಗಿ ಒಣಗಿದ್ದರೆ ಇಡಲು ರಾಗಿಯಷ್ಟು ನಂಬಿಕೆಯ ಧಾನ್ಯ ಇನ್ನೊಂದಿಲ್ಲ. ಹಿಟ್ಟು ಮಾಡಿಸಿದ ಮೇಲೆ ಆ ಗುಣ ಉಳಿಯುವುದಿಲ್ಲ, ಆದ್ದರಿಂದ ಕಾಳಾಗಿಯೇ ಇಡಬೇಕು. ಇಷ್ಟನ್ನು ತಿಳಿದು ನಾನು ಬಹಳ ಜಾಣನೆಂದುಕೊಂಡಿದ್ದೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲೆಲ್ಲ ಎಡೆಬಿಡದೆ ಮಳೆ ಸುರಿದು, ಎಷ್ಟೋ ವರ್ಷ ಬತ್ತಿದ್ದ ಕೆರೆಗಳೂ ಕೋಡಿ ಬಿದ್ದು, ಹೊಲದಲ್ಲಿ ರಾಗಿ ತೆನೆಯಲ್ಲೇ ಮೊಳೆಯಿತಲ್ಲ, ಆಗ ನಾನು ಊರಿನಲ್ಲಿದ್ದೆ. ಮನೆಯಲ್ಲಿ ಎರಡು ಮೂಟೆ ರಾಗಿಯಿತ್ತು, ಹಿಟ್ಟು ಮಾತ್ರ ಒಂದು ಹೊತ್ತಿಗಾಗುವಷ್ಟು. ಕರೆಂಟಿಲ್ಲದ್ದರಿಂದ ಮಿಲ್ಲು ಓಡಲಿಲ್ಲ. ಬೀಸುವ ಕಲ್ಲಿನ ಮೇಲಿನ ಹೋಳು ತುಳಸಿಕಟ್ಟೆಯ ಪಕ್ಕದಲ್ಲಿ ಮೆಟ್ಟಿಲಾಗಿತ್ತು! ಮೂಟೆಗಳ ಪಕ್ಕದಲ್ಲಿ ಕುಳಿತು ಎರಡು ದಿನ ಅನ್ನವನ್ನೇ ಉಂಡೆವು. ಅಂದಿನಿಂದ ಐದು ಕೆಜಿ ರಾಗಿಹಿಟ್ಟು ಯಾವಾಗಲೂ ಮನೆಯಲ್ಲಿರುವಂತೆ, ಅದು ಎರಡು ಕೆಜಿಗೆ ಇಳಿದ ಕೂಡಲೇ ಮಿಲ್ಲಿಗೆ ಹೋಗುವಂತೆ ಮಾಡಿಕೊಂಡಿದ್ದೇನೆ.

ಕಾಳುಗಳಿಗೆ ನಮ್ಮ ಕಡೆಯ ಹಳೆಯ ಉಪಾಯಗಳು ಇಂದಿಗೂ ಸಾಕು. ಅವರೆ, ಹುರುಳಿ, ಅಲಸಂದೆಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಹಲ್ಲಿನಲ್ಲಿ ಕಚ್ಚಿದರೆ ಕಟ್ಟೆಂದು ಒಡೆಯುವಂತಾದ ಮೇಲೆ, ಪೂರ್ತಿ ಆರಲು ಬಿಟ್ಟು ತುಂಬಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಕೆಜಿ ಕಾಳಿಗೆ ಒಂದು ಚಮಚದಷ್ಟು ಹರಳೆಣ್ಣೆಯನ್ನು ಅಂಗೈಯಲ್ಲಿ ಸವರಿ ಕಲಸಿದರೆ ಕಾಳಿನ ಮೇಲೆ ಕೂತ ಹುಳುವಿನ ಮೊಟ್ಟೆ ಬಲಿಯುವುದಿಲ್ಲ. ಬೇಯಿಸುವ ಮುನ್ನ ತೊಳೆದರಾಯಿತು. ಅಜ್ಜಿಯ ಕಾಲದಲ್ಲಿ ಬೀಜದ ಅವರೆಗೂ ತೊಗರಿಗೂ ಕೆಮ್ಮಣ್ಣು ಬಳಿದು ಒಣಗಿಸುತ್ತಿದ್ದರು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹರಡಬೇಡ, ಬಿರುಕು ಬಿಟ್ಟು ನುಚ್ಚಾಗುತ್ತದೆ. ನೆರಳಿನಲ್ಲಿ ಆರಿಸಿ, ಒಣ ಬೇವಿನ ಎಲೆ ಹಾಕಿಡು. ನಿಮ್ಮ ಮನೆಯಲ್ಲಿ ಫ್ರಿಜ್ ಇರುವುದರಿಂದ ಇನ್ನೊಂದು ಅನುಕೂಲವಿದೆ. ತಂದ ಕಾಳನ್ನು ನಾಲ್ಕು ದಿನ ಮೇಲಿನ ಮಂಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಒರೆಸಿ ಆರಿಸಿ ಡಬ್ಬಕ್ಕೆ ಹಾಕಿದರೆ ಅಂಗಡಿಯಿಂದಲೇ ಬಂದ ಹುಳುವೂ ಮೊಟ್ಟೆಯೂ ಸಾಯುತ್ತವೆ. ಉಗ್ರಾಣಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾರಾದರೂ ತಂದುಕೊಟ್ಟರೆ ಮನೆಯೊಳಗೆ ಬಿಟ್ಟುಕೊಳ್ಳಬೇಡ. ಅದರಿಂದೇಳುವ ಅನಿಲ ಹುಳುವನ್ನು ಕೊಲ್ಲುವಂತೆ ಮನುಷ್ಯರನ್ನೂ ಕೊಲ್ಲುತ್ತದೆ.

ಒಲೆಯಿಲ್ಲದ ರಾತ್ರಿಗೆ ಬಿಸ್ಕತ್ತಿಗಿಂತ ನಮ್ಮ ಹುರಿಹಿಟ್ಟು ಸಾವಿರ ಪಾಲು ಮೇಲು. ನೆನೆಸಿ ನೀರು ಬಸಿದ ರಾಗಿಯನ್ನು ಅರಳು ಹುರಿದು, ಹಿಟ್ಟು ಮಾಡಿಸಿ ಇಟ್ಟರೆ, ಬೆಲ್ಲದ ನೀರಿನಲ್ಲೋ ಹಾಲಿನಲ್ಲೋ ಕಲಸಿ ಹಾಗೆಯೇ ತಿನ್ನಬಹುದು. ಹಲ್ಲಿಲ್ಲದ ಅಮ್ಮನಿಗೂ ಮಗುವಿಗೂ ಅದು ಒಗ್ಗುತ್ತದೆ. ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಬೆಲ್ಲ ಜೊತೆಗಿದ್ದರೆ ಎರಡು ದಿನ ಬೆಂಕಿ ಹಚ್ಚದೆ ಕಳೆಯಬಹುದು. ಕಡಲೆಕಾಯಿಯನ್ನು ಬಿಡಿಸಿದ ಬೀಜವಾಗಿ ಇಡಬೇಡ, ಬೇಗ ಕಮಟುತ್ತದೆ. ಸಿಪ್ಪೆ ಸಮೇತ ಇಡು.

ನೀರಿನ ವಿಷಯವನ್ನು ಕೋಲಾರದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೆ ಫ್ಲೋರೈಡ್ ಬೆರೆತು ಬರುವ ಊರುಗಳ ನಡುವೆ ಬೆಳೆದವರು ನಾವು. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದರೆ ನಾಲ್ವರಿಗೆ ಮೂರು ದಿನಕ್ಕೆ 48 ಲೀಟರ್. ಇಪ್ಪತ್ತು ಲೀಟರಿನ ಮೂರು ಕ್ಯಾನ್ ಸಾಕು. ಶುದ್ಧ ನೀರಿನ ಘಟಕವೂ ಕರೆಂಟಿನಲ್ಲೇ ಓಡುವುದರಿಂದ, ಖಾಲಿಯಾದ ಕ್ಯಾನನ್ನು ಅದೇ ದಿನ ತುಂಬಿಸುವ ಅಭ್ಯಾಸವಿರಲಿ. ಸಂದೇಹವಿರುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆಯೂ ಒಂದು ನಿಮಿಷ ಮರಳಿಸಿ ಆರಿಸಿ ಕುಡಿಯಿರಿ. ಎರಡನೆಯ ಸಿಲಿಂಡರ್ ಮಾಡಿಸಿಕೋ, 14.2 ಕೆಜಿಯ ಒಂದನ್ನು ಹಚ್ಚಿದ ದಿನವೇ ಇನ್ನೊಂದನ್ನು ಬುಕ್ ಮಾಡಿದರೆ ಈ ಸಲದ ಪಾಡು ಮತ್ತೆ ಬರುವುದಿಲ್ಲ.

ಉಳಿದವು ಸಣ್ಣಪುಟ್ಟವು, ವಾರಕ್ಕೊಂದರಂತೆ ಸೇರಿಸಿದರೂ ನಡೆಯುತ್ತದೆ: ಟಾರ್ಚು ಮತ್ತು ಅದರ ಸೆಲ್ಲು, ಬೆಂಕಿಪೊಟ್ಟಣ, ಫೋನಿಗೆ ಪವರ್ ಬ್ಯಾಂಕು, ರೇಷನ್ ಕಾರ್ಡು ಮತ್ತು ಆಧಾರ್ ಪ್ರತಿಗಳನ್ನಿಟ್ಟ ಪ್ಲಾಸ್ಟಿಕ್ ಚೀಲ, ನೆಟ್‌ವರ್ಕ್ ಹೋದಾಗ ಅಂಗಡಿಯಲ್ಲಿ ನಡೆಯುವ ನೂರು, ಐವತ್ತರ ಕೆಲವು ನೋಟುಗಳು. ಅಮ್ಮನ ಬಿಪಿ ಮಾತ್ರೆ ಮಾತ್ರ ಸಣ್ಣ ವಿಷಯವಲ್ಲ; ವೈದ್ಯರಿಗೆ ಹೇಳಿ ಹದಿನೈದು ದಿನಗಳದ್ದು ಹೆಚ್ಚಾಗಿ ಬರೆಸಿಕೊಂಡು, ಅದನ್ನೂ ಎರಡು ಡಬ್ಬಗಳ ಲೆಕ್ಕದಲ್ಲೇ ಸರಿಸುತ್ತಿರು. ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪೊಟ್ಟಣ ನಾಲ್ಕಿರಲಿ. ಅದಿಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಎಂಬ ಅಳತೆಯನ್ನು ಅಡುಗೆಮನೆಯ ಬಾಗಿಲ ಹಿಂದೆ ಬರೆದು ಅಂಟಿಸಿಡು.

ಜಾಗವಿಲ್ಲವೆಂದು ನಿನ್ನ ಮನೆಯವರು ಹೇಳುತ್ತಿದ್ದಾರೆಂದು ಬರೆದಿದ್ದೀಯೆ. ಅವರ ಮಾತು ನ್ಯಾಯವೇ, ದಿನವೂ ಅದರ ನಡುವೆ ಓಡಾಡುವವರು ಅವರು. ಎಂಟು ಡಬ್ಬಗಳಿಗೆ ಮಂಚದ ಕೆಳಗಿನ ಜಾಗ ಸಾಲುತ್ತದೆ. ನೆಲಕ್ಕೆ ತಾಗದಂತೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರವಿಡಿ. ನೀರಿನ ಕ್ಯಾನು ಅಲ್ಲಿ ಬೇಡ. ಹದಿನೈದು ಸಾವಿರದಲ್ಲಿ ಒಳ್ಳೆಯ ಮುಚ್ಚಳದ ಸ್ಟೀಲ್ ಡಬ್ಬಗಳನ್ನೂ ಎರಡನೆಯ ಸಿಲಿಂಡರನ್ನೂ ಕೊಂಡು, ಮಿಕ್ಕದ್ದನ್ನು ಬ್ಯಾಂಕಿನಲ್ಲೇ ಬಿಡು, ವಾರವಾರದ ಇನ್ನೂರು ಅದರಿಂದಲೇ ಬರಲಿ.

ನಮ್ಮ ರಾಗಿ ಕಣಕ್ಕೆ ಬರುವುದು ಪುಷ್ಯದಲ್ಲಿ. ಸಂಕ್ರಾಂತಿಗೆ ಎಲ್ಲರೂ ಬನ್ನಿ; ಅಷ್ಟು ಹೊತ್ತಿಗೆ ಅವರೆಯ ಸೊಗಡೂ ಜೋರಾಗಿರುತ್ತದೆ, ಅಮ್ಮನಿಗೆ ಹಿತಕಿದ ಬೇಳೆ ಸಾರು ಮಾಡಿಸುತ್ತೇನೆ. ಬರುವಾಗ ತೊಳೆದು ಒಣಗಿಸಿದ ಎರಡು ಖಾಲಿ ಡಬ್ಬಗಳನ್ನು ಮರೆಯದೆ ತಾ.

ಇಂತಿ ನಿನ್ನ ಗೆಳೆಯ