ಪ್ರೂಫ್ ಹಾಳೆಯ ಹಿಂಬದಿ

ಪುಸ್ತಕ ಬಂತು. 80 ಪುಟ ಅಷ್ಟೇ. ಕಪಾಟಿನಲ್ಲಿ ನಿಲ್ಲಿಸಿದರೆ ಬಗ್ಗಿ ಬೀಳುತ್ತೆ, ಆದರೂ ಬಂತು. ವಯಸ್ಸಾದ ಸೈನಿಕರು ಇರೋಕೆ ಅಂತ ಲೋಕದಲ್ಲಿ ಯಾರ್ಯಾರು ಎಲ್ಲೆಲ್ಲಿ ಮನೆ ಕಟ್ಟಿದರು ಅನ್ನೋ ಕಥೆ ಹೇಳಿ ಹೇಳಿ 3 ವರ್ಷದಿಂದ ನಿಮ್ಮೆಲ್ಲರ ತಲೆ ತಿಂದಿದ್ದೇನೆ. ಈಗ ಥ್ಯಾಂಕ್ಸ್ ಹೇಳುವ ಸರದಿ.

ಹಳೇ ಪುಸ್ತಕ ಹುಡುಕಿ ಕಳಿಸಿದವರು, ಮಡಿಕೇರಿಯ ಪ್ರೆಸ್‌ನವರು, ಇಂಗ್ಲಿಷ್ ಪುಟಗಳನ್ನು ಓದಿ ಬಿಡಿಸಿ ಹೇಳಿದ ಚಿಕ್ಕಪ್ಪನ ಮಗಳು, ಮಿಲಿಟರಿ ಕ್ಯಾಂಟೀನ್ ಕ್ಯೂನಲ್ಲಿ ನಿಂತುಕೊಂಡೇ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮಾಜಿ ಸೈನಿಕರು, ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲ ಓದುಗ ಅಪ್ಪ. ರಿಟೈರ್ಡ್ ಸುಬೇದಾರ್, ತಪ್ಪು ಹುಡುಕೋದರಲ್ಲಿ ಎತ್ತಿದ ಕೈ. ಸಂಜೆ ಬೆಲ್ಲದ ಕಾಫಿ ಕುಡಿಯುವಾಗ ಒಂದೊಂದೇ ಅಧ್ಯಾಯ ಓದಿ ಹೇಳುತ್ತಿದ್ದೆ. ಫ್ರಾನ್ಸಿನ ರಾಜ 14ನೇ ಲೂಯಿ 1670ರಲ್ಲಿ ಪ್ಯಾರಿಸ್‌ನಲ್ಲಿ ಯುದ್ಧದಲ್ಲಿ ಕೈಕಾಲು ಹೋದವರಿಗೆ ಅಂತ ಇನ್ವಾಲೀಡ್ ಕಟ್ಟಡಕ್ಕೆ ಆಜ್ಞೆ ಕೊಟ್ಟ ಅಂದರೆ, 'ಕೈಕಾಲು ಹೋಗೋ ಹಾಗೆ ಮಾಡಿದವನೂ ಅವನೇ ಅಲ್ವಾ' ಅಂದರು. ಅದನ್ನು ನೋಡಿ ಇಂಗ್ಲೆಂಡಿನ 2ನೇ ಚಾರ್ಲ್ಸ್ 1682ರಲ್ಲಿ ಲಂಡನ್ನಿನ ಚೆಲ್ಸಿಯಾದಲ್ಲಿ ಅಂಥದ್ದೇ ಒಂದು ಶುರು ಮಾಡಿದ. ಮೊದಲ ಸೈನಿಕರು ಒಳಗೆ ಬರೋಕೆ 1692 ಆಯಿತು. ಒಬ್ಬೊಬ್ಬರಿಗೆ ಆಗ ಸಿಕ್ಕ ಜಾಗ 6 ಅಡಿ ಉದ್ದ, 6 ಅಡಿ ಅಗಲ. ಅಪ್ಪ ಎದ್ದು ನಮ್ಮ ಕೋಳಿಗೂಡನ್ನು ಅಳೆದು ಬಂದರು. ಗೂಡೇ ದೊಡ್ಡದು. ಅಲ್ಲಿ ಉಳಿಯೋಕೆ ಹೋಗುವವರು ಸೈನ್ಯದ ಪಿಂಚಣಿ ಬಿಟ್ಟುಕೊಡಬೇಕು ಅಂತ ಓದಿದ್ದೇ ತಡ, 'ಹಾಗಾದ್ರೆ ನಾನು ಬರಲ್ಲ' ಅಂದರು, ಯಾರೋ ಕರೆದ ಹಾಗೆ.

ಅಮೆರಿಕದ ವಾಷಿಂಗ್ಟನ್ ನಗರದ ಸೈನಿಕರ ಮನೆ ಅವರಿಗೆ ಇಷ್ಟವಾಯಿತು. 1851ರದ್ದು. ಮೆಕ್ಸಿಕೋ ಯುದ್ಧದಲ್ಲಿ ವಸೂಲಾದ ಹಣವನ್ನು ಜನರಲ್ ಸ್ಕಾಟ್ ಅದಕ್ಕೆ ಕೊಡಿಸಿದ್ದ. ಲಿಂಕನ್ ಬೇಸಿಗೆಯಲ್ಲಿ ಅಲ್ಲೇ ಬಂದು ಇರುತ್ತಿದ್ದ. ಆದರೆ ಪುಣೆ ಹತ್ತಿರದ ಖಡ್ಕಿಯ ಅಧ್ಯಾಯಕ್ಕೆ ಏನೂ ಹೇಳಲಿಲ್ಲ. 1974ರಲ್ಲಿ ಶುರುವಾದ ಕೇಂದ್ರ, ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಗಾಲಿಕುರ್ಚಿಯಲ್ಲೇ ಬದುಕು ಕಟ್ಟಿಕೊಂಡ ಜಾಗ. ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವವರ ಬಗ್ಗೆ ಓದಿ ಮುಗಿಸಿದಾಗ ಅಪ್ಪ ಎದ್ದು ಹೋಗಿ ನಾಯಿಗೆ ಊಟ ಹಾಕಿದರು. ನಾಯಿಗೆ ಆಗಲೇ ಊಟ ಆಗಿತ್ತು.

ನಮ್ಮ ಕೊಡಗಿನದು ಬೇರೆಯೇ ಕಥೆ. 1949ರ ಜನವರಿ 15ಕ್ಕೆ ಸೈನ್ಯದ ಮುಖ್ಯಸ್ಥರಾದ ಕಾರ್ಯಪ್ಪನವರೇ ನಿವೃತ್ತರಾಗಿ ಬಂದು ನಿಂತದ್ದು ಮಡಿಕೇರಿಯ ತಮ್ಮ ಮನೆ ರೋಷನಾರಾದಲ್ಲಿ. 1964ರಲ್ಲಿ ಮಾಜಿ ಸೈನಿಕರಿಗಾಗಿ ದೇಶಕ್ಕೇ ಒಂದು ಸಂಘ ಕಟ್ಟಿದವರೂ ಅವರೇ. ಇಲ್ಲಿ ರಿಟೈರ್ ಆದವನು ತೋಟಕ್ಕೆ ವಾಪಸ್ ಬರುತ್ತಾನೆ, ಅವನ ಮನೆಯೇ ಅವನ ಚೆಲ್ಸಿಯಾ. ಮಕ್ಕಳು ಬೆಂಗಳೂರು ಸೇರುತ್ತಾರೆ. ಆಮೇಲೆ ದೊಡ್ಡ ಮನೆ, ಇಬ್ಬರು, ಆಮೇಲೆ ಒಬ್ಬರು.

ಹೋದ ಜುಲೈ ತಿಂಗಳು ಅಪ್ಪನಿಗೆ ಹುಷಾರು ತಪ್ಪಿದ ಆ ರಾತ್ರಿಯ ಬಗ್ಗೆ ನಿಮಗೆಲ್ಲ ಗೊತ್ತು, ಕಾಯಿಲೆಯ ಪುರಾಣ ಮತ್ತೆ ಬೇಡ. ಗೊತ್ತಿಲ್ಲದ್ದು ಒಂದಿದೆ. ಆ ವಾರವೇ ನಾನು ಒಂದು ವೃದ್ಧಾಶ್ರಮಕ್ಕೆ ಫೋನ್ ಮಾಡಿ, ಜಾಗ ಇದೆಯಾ, ತಿಂಗಳಿಗೆ ಎಷ್ಟು ಅಂತ ಕೇಳಿದ್ದೆ. ಮುದಿ ಸೈನಿಕರನ್ನು ಹೇಗೆ ನೋಡ್ಕೋಬೇಕು ಅಂತ ಪುಸ್ತಕ ಬರೆಯುತ್ತಿದ್ದವಳು ನಾನೇ. ಅಪ್ಪನಿಗೆ ಹೇಳಿರಲಿಲ್ಲ. ಈಗ ಓದುತ್ತಾರೆ. ಓದಲಿ.

ಆ ರಾತ್ರಿ ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಮೂರ್ನಾಡು ರಸ್ತೆಗೆ ಮರ ಬಿದ್ದು ಆಂಬುಲೆನ್ಸ್ ಬರೋ ಹಾಗಿರಲಿಲ್ಲ, ಫೋನಿಗೆ ಸಿಗ್ನಲ್ ಸಿಗಬೇಕಾದರೆ ಕಣದ ತುದಿಗೆ ಓಡಬೇಕಿತ್ತು, ನಾನು ಹಾಗೆ ಓಡಿದ್ದನ್ನು ನೋಡಿಯೇ ಪಕ್ಕದ ತೋಟದ ಹವಾಲ್ದಾರ್ ಮಾವ ಟಾರ್ಚ್ ಹಿಡಿದು ಮಳೆಗೆ ಗೊರಬೆ ಹೊದ್ದುಕೊಂಡು ಬಂದರು. ಸೈನ್ಯದಲ್ಲಿ ನರ್ಸಿಂಗ್ ಕೆಲಸ ಮಾಡಿದವರು. ಈಗ ಅವರಿಗೇ 71, ಮಂಡಿನೋವು ಬೇರೆ. ಹೆಸರು ಹಾಕಿದರೆ ಇನ್ನು ನಮ್ಮ ಮನೆಗೆ ಕಾಫಿಗೆ ಬರಲ್ಲ ಅಂತ ಎಚ್ಚರಿಕೆ ಕೊಟ್ಟಿದ್ದಾರೆ, ಅದಕ್ಕೆ ಹಾಕಿಲ್ಲ.

ಬಂದವರು ಜಾಸ್ತಿ ಮಾತಾಡಲಿಲ್ಲ. ಅಪ್ಪನನ್ನು ಒಂದು ಪಕ್ಕಕ್ಕೆ ಮಲಗಿಸಿದರು. ಬೂಟು ಬಿಚ್ಚದೆ ಕುರ್ಚಿ ಎಳೆದು ಕೂತರು. 'ಕಾಗದ ಕೊಡು' ಅಂದರು. ಕೈಗೆ ಸಿಕ್ಕಿದ್ದು ಚೆಲ್ಸಿಯಾ ಅಧ್ಯಾಯದ ಪ್ರೂಫ್. ಅದರ ಹಿಂಬದಿಯಲ್ಲಿ ಅರ್ಧ ಗಂಟೆಗೊಮ್ಮೆ ನಾಡಿ ನೋಡಿ ಬರೆದರು. 0030, 112. 0100, 108. 0130, 110. 'ನೀನು ಸುಮ್ನೆ ಹೋಗಿ ಮಲಗು ಮಾರಾಯ್ತಿ, ನಿನ್ನ ಮುಖ ನೋಡಿದ್ರೆ ಸಾಬ್‌ಗೆ ಗಾಬರಿ ಆಗುತ್ತೆ' ಅಂದರು. ನಾನು ಬಾಗಿಲ ಹಿಂದೆ ನೆಲದ ಮೇಲೆ ಕೂತೆ.

ನಾಲ್ಕು ಗಂಟೆ ಹೊತ್ತಿಗೆ ಅಪ್ಪ ಕಣ್ಣು ಬಿಡದೆಯೇ ಹಿಂದಿಯಲ್ಲಿ ಏನೋ ಕೇಳಿದರು. ಗಾರ್ಡ್ ಬದಲಾಯಿತಾ ಅಂತ. ನಮ್ಮಪ್ಪ ನನ್ನ ಹತ್ತಿರ ಯಾವತ್ತೂ ಆ ದನಿಯಲ್ಲಿ ಮಾತಾಡಿಲ್ಲ, ಹುಡುಗನ ದನಿ. ಮಾವ ಕುರ್ಚಿಯಿಂದ ಎದ್ದು ನಿಂತು, ಮಂಡಿನೋವಿನ ಮನುಷ್ಯ, 'ಇಲ್ಲ ಸಾಬ್, ನಾನೇ ಇದ್ದೀನಿ' ಅಂದರು.

0600, 88.

ಬೆಳಿಗ್ಗೆ ಪಕ್ಕದ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಹುಡುಗರು ಮರ ಕಡಿದು ದಾರಿ ಮಾಡಿದರು, ಜೀಪ್ ಬಂತು. ಅವರಿಗೂ ಥ್ಯಾಂಕ್ಸ್. ಮರ ಸಾಗಿಸಿದ ಕೂಲಿ ಬೇಡ ಅಂದರು, ಊಟಕ್ಕೆ ಪಂದಿಕರಿ ಕಡಂಬುಟ್ಟು ಬೇಕು ಅಂದರು, ಅದು ಆಗಿದೆ.

ಆ ಹಾಳೆ ನನ್ನ ಹತ್ತಿರ ಇದೆ. ಮುಂದಿನ ಪಕ್ಕದಲ್ಲಿದ್ದ ತಪ್ಪುಗಳನ್ನು ತಿದ್ದೋಕೆ ಅದನ್ನು ಪ್ರೆಸ್‌ಗೆ ಕೊಡಲು ಮನಸ್ಸಾಗಲಿಲ್ಲ. ಹಾಗಾಗಿ 23ನೇ ಪುಟದಲ್ಲಿ 'ಪಿಂಚಣಿ'ಯ ಗುಡಿಸು, ಸೊನ್ನೆ ಎಲ್ಲ ಅಡ್ಡಾದಿಡ್ಡಿ ಇದೆ. ಅಪ್ಪ ಆಗಲೇ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ.

ಮೊದಲ ಪ್ರತಿ ಮಾವನಿಗೇ ಕೊಟ್ಟೆ. ಮುಖಪುಟ ನೋಡಲಿಲ್ಲ, ಕೊನೆಯಿಂದ ತಿರುವಿದರು. ಲೆಕ್ಕ ತಪ್ಪಿ ಹಿಂದೆ ಎರಡು ಖಾಲಿ ಹಾಳೆ ಉಳಿದಿವೆ. 'ಇದು ಒಳ್ಳೇದಾಯ್ತು' ಅಂದರು, 'ಮುಂದಿನ ಸಲ ಕಾಗದ ಹುಡುಕೋದು ಬೇಡ.'