ಹೇಗ್ ಒಪ್ಪಂದಕ್ಕೆ ಸಹಿ ಹಾಕಿ: ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಬ್ಬ ಅಜ್ಜಿಯ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

1980ರ ಹೇಗ್ ಒಪ್ಪಂದ ಅಂದ್ರೆ ಏನು ಅಂತ ನಿಮ್ಗೆ ನಾನು ಹೇಳ್ಕೊಡಬೇಕಾಗಿಲ್ಲ. ಗಂಡ ಹೆಂಡ್ತಿ ಜಗಳದಲ್ಲಿ ಒಬ್ರು ಮಗೂನ ಬೇರೆ ದೇಶಕ್ಕೆ ಎತ್ಕೊಂಡು ಹೋದ್ರೆ, ಇಲ್ಲಾ ರಜಕ್ಕೆ ಅಂತ ಕರ್ಕೊಂಡು ಹೋಗಿ ಅಲ್ಲೇ ಇಟ್ಕೊಂಡ್ರೆ, ಮಗು ಮೊದ್ಲು ಇದ್ದ ದೇಶಕ್ಕೆ ಬೇಗ ವಾಪಸ್ ಹೋಗ್ಲಿ, ಯಾರ ಹತ್ರ ಬೆಳೀಬೇಕು ಅನ್ನೋದನ್ನ ಅಲ್ಲಿನ ಕೋರ್ಟು ನೋಡ್ಕೊಳ್ಲಿ, ಇಷ್ಟೇ ತಾನೇ ಅದ್ರಲ್ಲಿರೋದು. ನೂರಕ್ಕೂ ಹೆಚ್ಚು ದೇಶ ಸೇರಿವೆ. ಶ್ರೀಲಂಕಾ 2001ರಲ್ಲೇ ಸೇರ್ತು, ಜಪಾನ್‌ನಲ್ಲಿ 2014ರಿಂದ ಜಾರಿಯಲ್ಲಿದೆ, ಪಾಕಿಸ್ತಾನ ಕೂಡ 2016ರಲ್ಲಿ ಸೇರ್ತು. ನಾವು ಮಾತ್ರ ಇನ್ನೂ ಯೋಚನೆ ಮಾಡ್ತಾನೇ ಇದೀವಿ. ಸಾಕು ಯೋಚನೆ, ಸಹಿ ಹಾಕಿ.

ನನ್ ವಿಷ್ಯ ಸ್ವಲ್ಪ ಹೇಳ್ತೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ. ಮಗಳು ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಕೆಲ್ಸದಲ್ಲಿದಾಳೆ. ಗಂಡ ಹೆಂಡ್ತಿ ಮಧ್ಯೆ ಸರಿ ಇರ್ಲಿಲ್ಲ, ಅದು ಅವ್ರ ವಿಷ್ಯ, ಇಲ್ಲಿ ಬರೆಯಲ್ಲ. ಬೇಸಿಗೆ ರಜಕ್ಕೆ ನಮ್ ಅಪ್ಪ ಅಮ್ಮನ್ನ ನೋಡಿಸ್ಕೊಂಡು ಬರ್ತೀನಿ ಅಂತ ಅಳಿಯ ಮೊಮ್ಮಗಳನ್ನ ಕರ್ಕೊಂಡು ಇಂಡಿಯಾಗೆ ಬಂದ. ರಿಟರ್ನ್ ಟಿಕೆಟ್ಟೂ ತೋರ್ಸಿದ್ದ. ಬಂದೋನು ಬೇರೆ ರಾಜ್ಯದಲ್ಲಿರೋ ಅವ್ರಪ್ಪನ ಮನೇಲಿ ಕೂತ, ಮಗೂನ ಅಲ್ಲೇ ಸ್ಕೂಲಿಗೆ ಸೇರ್ಸಿದ, ನನ್ ಮಗಳ ನಂಬರ್ ಬ್ಲಾಕ್ ಮಾಡ್ದ. ಆ ಮಗು ಹುಟ್ಟಿದ್ದು, ಮಾತು ಕಲ್ತಿದ್ದು ಎಲ್ಲಾ ಅಮೆರಿಕದಲ್ಲೇ.

ಅಲ್ಲಿನ ಕೋರ್ಟು ಮಗೂನ ತಾಯಿಗೆ ಒಪ್ಪಿಸ್ಬೇಕು ಅಂತ ಆರ್ಡರ್ ಮಾಡ್ತು. ನಾವು ಇನ್ನೇನು ಆಯ್ತು ಅನ್ಕೊಂಡ್ವಿ. ಆ ಆರ್ಡರ್ ಹಿಡ್ಕೊಂಡು ಇಲ್ಲಿ ಪೊಲೀಸ್ ಸ್ಟೇಷನ್‌ಗೆ ಹೋದ್ರೆ, ಹೆತ್ತ ಅಪ್ಪನೇ ಕರ್ಕೊಂಡು ಬಂದಿರೋದು, ಕಿಡ್ನ್ಯಾಪ್ ಹೆಂಗಾಗುತ್ತಮ್ಮ, ಕೂತು ಮಾತಾಡಿ ಬಗೆಹರಿಸ್ಕೊಳಿ ಅಂದ್ರು. ಯಾರ ಜೊತೆ ಕೂರೋದು? ಬಾಗಿಲೇ ತೆಗೀತಿಲ್ವಲ್ಲ.

ಬಾಗಿಲು ಅಂದಾಗ ಅಪಾರ್ಟ್‌ಮೆಂಟ್ ಗೇಟಲ್ಲಿ ಆಗಿದ್ದು ಹೇಳ್ಲೇಬೇಕು. ಕೋಡುಬಳೆ ಡಬ್ಬ ಹಿಡ್ಕೊಂಡು ಮೊಮ್ಮಗಳನ್ನ ನೋಡೋಕೆ ಹೋಗಿದ್ದೆ. ಸೆಕ್ಯುರಿಟಿ ಹುಡುಗ ನನ್ ಮುಖ ನೋಡ್ದ, ಅವನ ರೂಮಿನ ಗೋಡೆ ನೋಡ್ದ, ಮತ್ತೆ ನನ್ ಮುಖ ನೋಡ್ದ. ಏನಪ್ಪಾ ಅಂತ ಬಗ್ಗಿ ನೋಡಿದ್ರೆ ಗೋಡೆ ಮೇಲೆ ನಂದೇ ಫೋಟೋ! ಕೆಳಗಡೆ ಕೆಂಪು ಇಂಕಲ್ಲಿ, ಒಳಗೆ ಬಿಡಬಾರ್ದು ಅಂತ. ಫೋಟೋ ಯಾವ್ದು ಗೊತ್ತಾ, ಮಗಳ ಮದ್ವೇಲಿ ರೇಷ್ಮೆ ಸೀರೆ ಉಟ್ಕೊಂಡು ಇದೇ ಅಳಿಯನಿಗೆ ಆರತಿ ಎತ್ತೋವಾಗ ತೆಗೆದಿದ್ದು. ಅವನನ್ನ ಕತ್ತರಿಸಿ ತೆಗ್ದಿದಾರೆ, ಆರತಿ ತಟ್ಟೆ ಅಂಚು ಇನ್ನೂ ಕಾಣ್ತಿತ್ತು. ಹುಡುಗ ಪಾಪ ಸಂಕೋಚದಿಂದ ಕುರ್ಚಿ ಹಾಕ್ಕೊಟ್ಟು ಇಂಟರ್‌ಕಾಮ್ ಮಾಡ್ದ, ಆ ಕಡೆಯಿಂದ ನಮ್ ಬೀಗ್ತಿ ದನಿ ನಂಗೇ ಕೇಳಿಸ್ತು, ಮನೇಲಿ ಯಾರೂ ಇಲ್ಲ ಅಂತ ಹೇಳಿ ಕಳ್ಸು ಅಂತ. ಮೂವತ್ತು ಚಿಲ್ರೆ ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರಮ್ಮ ನಾನು, ಕಳ್ಳರ ಫೋಟೋ ಥರ ಗೋಡೆ ಮೇಲೆ!

ಸಿಟ್ಟು ಅಲ್ಲಿಗೇ ಬಿಡ್ತೀನಿ, ಪ್ರಶ್ನೆಗೆ ಬರ್ತೀನಿ. ಸಹಿ ಯಾಕೆ ಹಾಕಲ್ಲ ಅಂದ್ರೆ, ವಿದೇಶದಲ್ಲಿ ಗಂಡನ ಹೊಡೆತ ಬಡಿತ ತಾಳ್ದೆ ಮಗು ಸಮೇತ ತವರಿಗೆ ಓಡಿ ಬರೋ ಹೆಣ್ಮಕ್ಕಳಿಗೆ ಅನ್ಯಾಯ ಆಗುತ್ತೆ ಅಂತ ಸರ್ಕಾರ ಹೇಳ್ತಾ ಬಂದಿದೆ. ಅಂಥ ಹೆಣ್ಮಕ್ಕಳು ಇದಾರೆ, ನಾನು ಇಲ್ಲ ಅನ್ನಲ್ಲ. ಆದ್ರೆ ನನ್ ಮಗಳು ಹೆಣ್ಣಲ್ವಾ? ಇಲ್ಲಿ ಮಗೂನ ಎತ್ಕೊಂಡು ಬಂದಿರೋನು ಗಂಡ. ಅವಳನ್ನ ರಕ್ಷಣೆ ಮಾಡೋ ನಿಮ್ ಕಾನೂನು ಯಾವ್ದು ಹೇಳಿ. ವಾಪಸ್ ಕಳಿಸಿದ್ರೆ ಮಗೂಗೆ ಗಂಭೀರ ಅಪಾಯ ಇದೆ ಅಂತಾದ್ರೆ ಕಳಿಸ್ಬೇಕಾಗಿಲ್ಲ ಅಂತ ಅದೇ ಒಪ್ಪಂದದ 13ನೇ ವಿಧಿ ಹೇಳುತ್ತೆ. ಅದು ಸಾಲ್ದು ಅನ್ಸಿದ್ರೆ ಜಪಾನ್‌ನವ್ರು ಮಾಡಿದ ಹಾಗೆ ನಮ್ ಕಾನೂನಲ್ಲೇ ಕೌಟುಂಬಿಕ ದೌರ್ಜನ್ಯದ ಮಾತು ಬಿಡಿಸಿ ಬರೀರಿ, ಯಾರು ಬೇಡ ಅಂದ್ರು? ಆದ್ರೆ ಸಹಿ ಹಾಕಿ.

ಈಗ ನಮಗಿರೋ ದಾರಿ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಮಗೂನ ಕೋರ್ಟಿಗೆ ಹಾಜರುಪಡಿಸಿ ಅಂತ ಕೇಳೋ ಅರ್ಜಿ, ಒಂದೇ ಅಂತ ವಕೀಲ್ರು ಅಂತಾರೆ. ಅದು ಲಾಟರಿ ಟಿಕೆಟ್ ಇದ್ದ ಹಾಗೆ. ವಿದೇಶಿ ಕೋರ್ಟ್ ಆರ್ಡರ್ ಅನ್ನೋದು ಪರಿಗಣಿಸ್ಬೇಕಾದ ಹಲವು ಅಂಶಗಳಲ್ಲಿ ಒಂದು ಅಷ್ಟೇ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. 2022ರಲ್ಲಿ ಕರ್ನಾಟಕದ್ದೇ ಒಂದು ಕೇಸಲ್ಲಿ ಅದೇ ಸುಪ್ರೀಂ ಕೋರ್ಟ್ ಮಗು ಅಮೆರಿಕಕ್ಕೆ ವಾಪಸ್ ಹೋಗ್ಲಿ ಅಂತು. ಆ ತೀರ್ಪು ಓದಿ ನಾನೂ ಕುಣಿದಾಡಿದ್ದೆ. ಆದ್ರೆ ನಮ್ ಕೇಸಲ್ಲಿ ವಾಯಿದೆ ಮೇಲೆ ವಾಯಿದೆ, ಅಳಿಯನ ವಕೀಲ್ರು ಊರಲ್ಲಿಲ್ಲ, ಅಫಿಡವಿಟ್‌ಗೆ ಟೈಮ್ ಬೇಕು, ಆಮೇಲೆ ಕೋರ್ಟ್ ರಜ. ಇಷ್ಟೆಲ್ಲಾ ತಾವೇ ಎಳ್ದು ಈಗೇನು ವಾದ ಗೊತ್ತಾ? ಮಗು ಇಲ್ಲಿಗೆ ಹೊಂದ್ಕೊಂಡಿದೆ ಸ್ವಾಮಿ, ಕಳಿಸಿದ್ರೆ ಮನಸ್ಸಿಗೆ ಘಾಸಿ ಆಗುತ್ತೆ ಅಂತ! ಹೇಗ್ ಒಪ್ಪಂದದಲ್ಲಿ ಆರು ವಾರದಲ್ಲಿ ತೀರ್ಮಾನ ಆಗ್ಲಿಲ್ಲ ಅಂದ್ರೆ ಯಾಕೆ ತಡ ಅಂತ ಕಾರಣ ಕೇಳೋ ಹಕ್ಕಿದೆ. ಇಲ್ಲಿ ನಾವು ಯಾರನ್ನ ಕೇಳೋದು? ಮಗಳು ಬಂದು ಇಲ್ಲೇ ಇದ್ದು ಕೇಸ್ ನಡೆಸೋಣ ಅಂದ್ರೆ ಅವಳದ್ದು ಎಚ್-1ಬಿ, ಅಂದ್ರೆ ಅಮೆರಿಕದಲ್ಲಿ ಕೆಲ್ಸ ಮಾಡೋಕೆ ಕೊಡೋ ವೀಸಾ, ಕೆಲ್ಸ ಬಿಟ್ರೆ ಅಲ್ಲಿರೋ ಅರ್ಹತೆಯೇ ಹೋಗುತ್ತೆ, ಆಮೇಲೆ ಮಗು ಸಿಕ್ರೂ ಕರ್ಕೊಂಡು ಹೋಗೋದು ಎಲ್ಲಿಗೆ. ಹಾಗಾಗಿ ಓಡಾಟ ನಂದು. ರಿಟೈರ್ಮೆಂಟ್ ದುಡ್ಡಲ್ಲಿ ತಗೊಂಡಿದ್ದ ಸೈಟು ವಕೀಲರ ಫೀಸಿಗೆ ಹೋಯ್ತು.

ಇನ್ನೊಂದು ವಿಷ್ಯ. 1992ರಲ್ಲಿ ನಾವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಒಪ್ಕೊಂಡ್ವಿ, ಪ್ರತಿ ವರ್ಷ ಮಕ್ಕಳ ದಿನಾಚರಣೆಗೆ ಸ್ಕೂಲಲ್ಲಿ ನಾನೇ ಅದ್ರ ಬಗ್ಗೆ ಭಾಷಣ ಮಾಡ್ಸಿದೀನಿ. ಮಕ್ಕಳನ್ನ ಅಕ್ರಮವಾಗಿ ವಿದೇಶಕ್ಕೆ ಸಾಗಿಸೋದು, ವಾಪಸ್ ಕಳಿಸ್ದೇ ಇರೋದು ತಡೀಬೇಕು, ಅದಕ್ಕೆ ಬೇರೆ ದೇಶಗಳ ಜೊತೆ ಒಪ್ಪಂದ ಮಾಡ್ಕೊಳಿ ಇಲ್ಲಾ ಇರೋ ಒಪ್ಪಂದಕ್ಕೆ ಸೇರ್ಕೊಳಿ ಅಂತ ಅದ್ರ 11ನೇ ವಿಧೀಲೇ ಇದೆ. ಬರೆದು ಕೊಟ್ಟ ಮಾತು ಅದು. 2009ರಲ್ಲಿ ಕಾನೂನು ಆಯೋಗ ತನ್ನ 218ನೇ ವರದೀಲಿ ಸೇರಿ ಅಂತು. 2016ರಲ್ಲಿ ನಿಮ್ ಇಲಾಖೆಯೇ ಮಸೂದೆ ಕರಡು ಬಿಟ್ಟು ಜನರ ಅಭಿಪ್ರಾಯ ಕೇಳ್ತು. ಆಮೇಲೊಂದು ಸಮಿತಿ, ಅದೂ 2018ರಲ್ಲಿ ವರದಿ ಕೊಡ್ತು. ಅಲ್ಲಿಂದ ಏನಾಯ್ತು? ಯಾವ ಸಚಿವರು ಬಂದ್ರೂ ಅದೇ ಫೈಲು, ಅದೇ ಧೂಳು.

ಈಗ ಸಹಿ ಹಾಕಿದ್ರೂ ನನ್ ಮೊಮ್ಮಗಳಿಗೆ ಉಪಯೋಗ ಇಲ್ಲ, ಹಳೇ ಕೇಸಿಗೆ ಅನ್ವಯ ಆಗಲ್ಲ, ನಂಗೊತ್ತು. ನಾವು ಸೇರಿದ ಮಾರನೇ ದಿನ ಎಲ್ಲಾ ಸರಿ ಹೋಗೋದೂ ಇಲ್ಲ, ಆ ಕಡೆ ದೇಶ ನಮ್ಮನ್ನ ಒಪ್ಕೋಬೇಕು. ಪಾಕಿಸ್ತಾನ 2016ರಲ್ಲಿ ಸೇರಿದ್ದು ಅಮೆರಿಕದ ಜೊತೆ ಜಾರಿ ಆಗಿದ್ದು 2020ರಲ್ಲಿ. ಅದಕ್ಕೇ ಹೇಳ್ತಿರೋದು, ನೀವು ಸುಮ್ನೆ ಕೂತಿರೋ ಒಂದೊಂದು ವರ್ಷವೂ ಇನ್ಯಾರದ್ದೋ ಮಗೂಗೆ ಲೆಕ್ಕ.

ಮುಂದಿನ ಅಧಿವೇಶನದಲ್ಲಿ ಮಸೂದೆ ತನ್ನಿ, ಹೇಗ್ ಒಪ್ಪಂದಕ್ಕೆ ಸಹಿ ಹಾಕಿ. ಹಾಕಲ್ಲ ಅನ್ನೋದಾದ್ರೆ ಅದನ್ನಾದ್ರೂ ಲೋಕಸಭೇಲಿ ಎದ್ದು ನಿಂತು ಕಾರಣ ಸಮೇತ ಹೇಳಿ. ನಿಮ್ಗೆ ಕನ್ನಡ ಓದೋಕೆ ಬರಲಿಕ್ಕಿಲ್ಲ, ನಾವು ಕರ್ನಾಟಕದಿಂದ 28 ಜನ ಎಂಪಿಗಳನ್ನ ಆರಿಸಿ ಕಳ್ಸಿದೀವಿ, ಅವ್ರಲ್ಲಿ ಒಬ್ರಾದ್ರೂ ಓದಿ ಹೇಳ್ತಾರೆ ಅಂತ ನಂಬ್ಕೊಂಡಿದೀನಿ.

ಇತಿ,
ಒಬ್ಬ ಅಜ್ಜಿ
ನಿವೃತ್ತ ಶಿಕ್ಷಕಿ, ದಾವಣಗೆರೆ